ಮಗಳಿಗೊಂದು ಪತ್ರ: ನಿನ್ನ ಹೆಸರು ಯಾವ ಕಡೆಯದು?

ಮುದ್ದು ಮೀರಾ,

ಹೆಸರು ಅಮ್ಮನ ಕಡೆಯದೋ, ಅಪ್ಪನ ಕಡೆಯದೋ ಅಂತ ಮೊನ್ನೆ ಕೇಳಿದೆ. ಎರಡೂ ಕಡೆಯದು ಅಂದರೆ ಸುಮ್ನೆ ಸಮಾಧಾನಕ್ಕೆ ಹೇಳಿದ ಹಾಗಿರುತ್ತದೆ ಅಲ್ವಾ? ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಕಡೆಯಿಂದ ನಿನಗೆ ಬಂದವಳು ಮೀರಾಬಾಯಿ. 16ನೇ ಶತಮಾನದ ರಾಜಸ್ಥಾನದವಳು. ಮೇವಾಡದ ರಾಜಮನೆತನದ ಸೊಸೆ. ಆದರೂ ಕೃಷ್ಣನೇ ನನ್ನ ಗಂಡ ಅಂತ ಹಾಡಿದಳು. ನಮ್ಮ ಅಕ್ಕಮಹಾದೇವಿ 12ನೇ ಶತಮಾನದಲ್ಲೇ ಚೆನ್ನಮಲ್ಲಿಕಾರ್ಜುನನಿಗೆ ಹೀಗೆ ಒಲಿದಿದ್ದಳು. ಹಾಗಾಗಿ ಕನ್ನಡದವರಿಗೆ ಮೀರಾ ಹೊರಗಿನವಳು ಅನ್ನಿಸುವುದೇ ಇಲ್ಲ. ಈ ಹೆಸರು ಕರೆದಾಗಲೆಲ್ಲ ನನ್ನ ಕಿವಿಗೆ ‘ಮೀರು’ ಅನ್ನುವುದೂ ಕೇಳಿಸುತ್ತದೆ. ಹೆಸರು ಹುಟ್ಟಿದ್ದು ಆ ಮಾತಿನಿಂದಲ್ಲ. ಆದರೆ ಅರಮನೆಯ ಕಟ್ಟುಪಾಡು ಮೀರಿದವಳಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡು!

ಅಪ್ಪನ ಬಲ್ಗೇರಿಯಾದಲ್ಲಿ ‘ಮಿರ್’ ಅಂದರೆ ಶಾಂತಿ. ಅಲ್ಲಿ ಮಿರೋಸ್ಲಾವಾ ಅನ್ನುವ ಉದ್ದ ಹೆಸರಿನವರನ್ನು ಮನೆಯಲ್ಲಿ ಮಿರಾ ಅಂತ ಕರೆಯುತ್ತಾರೆ. ರಷ್ಯನ್ ಭಾಷೆಯಲ್ಲಿ ಮಿರ್ ಅಂದರೆ ಜಗತ್ತು ಅಂತಲೂ ಅರ್ಥವಿದೆ. ಸೋವಿಯತ್ ಒಕ್ಕೂಟ 1986ರಲ್ಲಿ ಹಾರಿಸಿದ ಬಾಹ್ಯಾಕಾಶ ನಿಲ್ದಾಣದ ಹೆಸರೂ ಅದೇ.

ಇವೆರಡಕ್ಕೂ ನಂಟಿದೆ ಅಂತ ಕತೆ ಕಟ್ಟುವುದು ನನಗಿಷ್ಟವಿಲ್ಲ. ಎರಡೂ ಬೇರೆ ಬೇರೆ ಕಡೆ, ತಮ್ಮ ಪಾಡಿಗೆ ಹುಟ್ಟಿದ ಹೆಸರುಗಳು. ನನ್ನಮ್ಮನೂ ನಿನ್ನ ಬಾಬಾನೂ, ಅಂದರೆ ಅಪ್ಪನ ಅಮ್ಮನೂ, ತಡವರಿಸದೆ ಕರೆಯುವ ಹೆಸರು ಬೇಕು ಅಂತ ನಾವು ಹುಡುಕಿದೆವು. ಅರ್ಧ ಅವರದು, ಅರ್ಧ ಇವರದು ಅಂತ ಪಾಲು ಮಾಡಬೇಡ. ಮೀರಾಬಾಯಿಯೂ ಪೂರ್ತಿ ನಿನ್ನವಳು, ಮಿರ್ ಕೂಡ ಪೂರ್ತಿ ನಿನ್ನದು.

ನಾವು ಹುಡುಕದೇ ಸಿಕ್ಕಿದ್ದೂ ಒಂದಿದೆ. ತಿಮಿಂಗಿಲ ನಕ್ಷತ್ರಪುಂಜದಲ್ಲಿ ಮಿರಾ ಅನ್ನುವ ನಕ್ಷತ್ರವಿದೆ. ಲ್ಯಾಟಿನ್‌ನಲ್ಲಿ ಅದಕ್ಕೆ ‘ಅಚ್ಚರಿಯದು’ ಅಂತ ಅರ್ಥ. ಡೇವಿಡ್ ಫ್ಯಾಬ್ರಿಸಿಯಸ್ ಅನ್ನುವ ಖಗೋಳಶಾಸ್ತ್ರಜ್ಞ 1596ರಲ್ಲಿ ಗಮನಿಸಿದಾಗ ಅದು ನೋಡನೋಡುತ್ತಾ ಮಂಕಾಗಿ, ಕಣ್ಣಿಗೇ ಕಾಣದಾಯಿತು. ಸುಮಾರು 332 ದಿನಕ್ಕೊಮ್ಮೆ ಅದು ಮತ್ತೆ ಬೆಳಗುತ್ತದೆ ಅಂತ ಜನಕ್ಕೆ ತಿಳಿದದ್ದು ಆಮೇಲೆ.

ಇನ್ನು ಬರೆಯುವ ವಿಷಯ. ಕನ್ನಡದಲ್ಲಿ ಎರಡೇ ಅಕ್ಷರ, ‘ಮೀ’ಗೆ ದೀರ್ಘ ಮರೆಯಬೇಡ. ಬಲ್ಗೇರಿಯನ್‌ನಲ್ಲಿ ನಾಲ್ಕು ಅಕ್ಷರ. ಅದರಲ್ಲಿ ‘ರ’ ಸದ್ದಿನ ಅಕ್ಷರ ನೋಡೋಕೆ ಇಂಗ್ಲಿಷಿನ ‘ಪಿ’ ಥರ ಇರುತ್ತದೆ, ಗಾಬರಿಯಾಗಬೇಡ. ಬಾಬಾ ಹತ್ತಿರ ಕೂತು ಕಲಿ. ನಿನಗೆ ಕಲಿಸಬೇಕು ಅಂತ ಅವರಿಗೂ ತುಂಬಾ ಆಸೆಯಿದೆ.

ನಿನ್ನ,
ಅಮ್ಮ