ಆಟಿಸಂ ಇದ್ದವರ ಲಿಂಗತ್ವ: ‘ಗೀಳು’ ಎಂದು ತಳ್ಳಿಹಾಕುವ ಮೊದಲು

ಮಾನ್ಯ ಸಂಪಾದಕರೆ,

ಎಂಟನೇ ತರಗತಿಗೆ ಬಂದ ಹುಡುಗಿ ಚೂಡಿದಾರ್ ಹಾಕಲು ಒಲ್ಲೆ ಎನ್ನುತ್ತಾಳೆ. ವೇಲು ಕಿತ್ತೆಸೆಯುತ್ತಾಳೆ. ಅಣ್ಣನ ಹಳೇ ಅಂಗಿ, ಪ್ಯಾಂಟು ಹುಡುಕಿ ಹಾಕಿಕೊಳ್ಳುತ್ತಾಳೆ. ಆಟಿಸಂ (ಮಿದುಳು ಬೇರೆ ಬಗೆಯಲ್ಲಿ ಬೆಳೆದು ಮಾತು, ಒಡನಾಟ, ಸ್ಪರ್ಶ, ಸದ್ದುಗಳ ಅನುಭವ ಬೇರೆಯಾಗಿರುವ ಸ್ಥಿತಿ) ಇದೆ ಎಂದು ಮನೆಯವರಿಗೂ ಮೇಷ್ಟ್ರಿಗೂ ಗೊತ್ತಿರುವುದರಿಂದ ತೀರ್ಮಾನ ಸಲೀಸು: ‘ಈ ಮಕ್ಕಳೇ ಹಾಗೆ, ಒಂದು ಹಿಡಿದರೆ ಬಿಡಲ್ಲ.’ ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿದ ನೆಂಟರೊಬ್ಬರು ಬಂದರೆ ತೀರ್ಮಾನ ಇನ್ನೊಂದು ತುದಿಗೆ ಹೋಗುತ್ತದೆ: ‘ಇವಳು ಗಂಡಾಗಬೇಕು ಅಂತಿದಾಳೆ.’ ಕೋಲಾರ ಜಿಲ್ಲೆಯಲ್ಲಿ ಇಂಥ ಮಕ್ಕಳು ಮತ್ತು ಯುವಜನರೊಡನೆ ಕೆಲಸ ಮಾಡುವ ನಮಗೆ ಎರಡೂ ಆತುರದ ಮಾತಾಗಿ ಕಾಣುತ್ತವೆ. ಮೊದಲು ಕೈಗೆ ಕತ್ತರಿ ತೆಗೆದುಕೊಳ್ಳಿ.

ಕತ್ತರಿ ಬೇಕಿರುವುದು ಕುತ್ತಿಗೆಯ ಹಿಂದಿನ ಲೇಬಲ್ ಕತ್ತರಿಸಲು. ಆಟಿಸಂ ಇರುವ ಅನೇಕರ ಚರ್ಮಕ್ಕೆ ಲೇಬಲ್ಲಿನ ಅಂಚು, ಕಂಕುಳ ಹತ್ತಿರದ ದಪ್ಪ ಒಳಹೊಲಿಗೆ, ಹೊಸ ಬಟ್ಟೆಯ ಗಂಜಿ ಇವೆಲ್ಲ ಮುಳ್ಳಿನಂತೆ. ಲೇಬಲ್ ತೆಗೆದು ನಾಲ್ಕು ದಿನ ನೋಡಿ. ಆಮೇಲೆ ಬಟ್ಟೆಯನ್ನು ನಾಲ್ಕೈದು ಸಲ ಒಗೆದು ಮೆತ್ತಗೆ ಮಾಡಿ, ಮತ್ತೆ ನಾಲ್ಕು ದಿನ. ಸರಿಹೋಗದಿದ್ದರೆ ಅದೇ ಬಣ್ಣದ ಕಾಟನ್ ಬಟ್ಟೆಯಲ್ಲಿ ಕಂಕುಳು ಸಡಿಲ ಬಿಟ್ಟು ಹೊಲಿಸಿ. ವೇಲಿಗೆ ಹಾಕುವ ಪಿನ್ನು ಚುಚ್ಚುತ್ತಿರಬಹುದು, ಅದನ್ನು ಭುಜಕ್ಕೆ ಎರಡು ಹೊಲಿಗೆ ಹಾಕಿ ನಿಲ್ಲಿಸಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಮಗು ಸುಮ್ಮನಾದರೂ ಯಾವುದರಿಂದ ಸುಮ್ಮನಾಯಿತೆಂದು ತಿಳಿಯುವುದಿಲ್ಲ.

ಇಷ್ಟರಲ್ಲಿ ಗಲಾಟೆ ನಿಂತರೆ ತೊಂದರೆ ಚರ್ಮದ್ದು. ಮೆತ್ತನೆ ಕಾಟನ್ ಚೂಡಿದಾರನ್ನೂ ಮುಟ್ಟದೆ, ಅಣ್ಣನ ಒರಟು ಟೆರಿಕಾಟ್ ಪ್ಯಾಂಟನ್ನು ದಿನವಿಡೀ ನಗುನಗುತ್ತ ತೊಟ್ಟರೆ ಅದು ಬರೀ ಚರ್ಮದ ವಿಷಯವಲ್ಲ. ಹಾಗೆಂದು ಪ್ಯಾಂಟು ತೊಟ್ಟ ಮಾತ್ರಕ್ಕೆ ಲಿಂಗತ್ವ, ಅಂದರೆ ತಾನು ಹುಡುಗನೋ ಹುಡುಗಿಯೋ ಬೇರೆಯೋ ಎಂಬ ಒಳಗಿನ ಅರಿವು, ತೀರ್ಮಾನವಾಗುವುದೂ ಇಲ್ಲ. ಬಟ್ಟೆಯ ಆಚೆಗೆ ಏನಿದೆ ಎಂದು ನೋಡಬೇಕು: ಹೆಸರು ಕರೆದಾಗ ಮುಖ ಹೇಗಾಗುತ್ತದೆ, ಸಾಲಿನಲ್ಲಿ ಯಾರ ಜೊತೆ ನಿಲ್ಲುತ್ತದೆ, ದೊಡ್ಡವರಾದ ಮೇಲಿನ ತನ್ನ ಚಿತ್ರ ಬರೆಯಲು ಹೇಳಿದರೆ ಯಾರನ್ನು ಬರೆಯುತ್ತದೆ. ಮೈ ಬದಲಾಗುವುದೇ ಇಷ್ಟವಿಲ್ಲದ ಮಕ್ಕಳೂ ಇದ್ದಾರೆ. ಮೀಸೆ, ಎದೆ, ಮುಟ್ಟು ಯಾವುದು ಬಂದರೂ ಅವರಿಗೆ ಮನೆಯ ಮಂಚ ಹೇಳದೆ ಕೇಳದೆ ಜಾಗ ಬದಲಿಸಿದಷ್ಟೇ ಸಂಕಟ. ಮುಂದೆ ಏನೇನು ಬದಲಾಗುತ್ತದೆ ಎಂದು ಚಿತ್ರ ಹಾಕಿ ಮೊದಲೇ ತೋರಿಸಿದರೆ ಈ ಬಗೆಯ ಸಂಕಟ ಸಾಮಾನ್ಯವಾಗಿ ಇಳಿಯುತ್ತದೆ. ಲಿಂಗತ್ವದ ಸಂಕಟ ಚಿತ್ರ ತೋರಿಸಿದ್ದಕ್ಕೆ ಇಳಿಯುವುದಿಲ್ಲ, ಬೇರೆ ಬೇರೆ ಕಡೆ ತಲೆ ಎತ್ತುತ್ತಲೇ ಇರುತ್ತದೆ. ಎರಡೂ ಒಟ್ಟಿಗೆ ಇರುವವರು ಅಪರೂಪವೇನಲ್ಲ.

ಹುಡುಗರ ವಿಷಯದಲ್ಲೂ ಅಷ್ಟೆ. ಕೂದಲು ಬಿಟ್ಟ ಹುಡುಗ ಕಟಿಂಗ್ ಮೆಷಿನ್ನಿನ ಗುಂಯ್ ಸದ್ದಿಗೆ ಹೆದರಿ ಬಿಟ್ಟಿರಬಹುದು. ಕತ್ತರಿಯಲ್ಲೇ ಕತ್ತರಿಸಿ ಎಂದರೆ ಕುಳಿತುಕೊಳ್ಳುತ್ತಾನೆ. ಬಳೆಯ ಮೋಹ ಅದರ ಕಿಣಿಕಿಣಿಗೂ ಹೊಳಪಿಗೂ ಇರಬಹುದು. ಇರಬಹುದು ಅಷ್ಟೆ. ‘ಇರಬಹುದು’ ಎನ್ನುವುದನ್ನು ‘ಇದೇ’ ಎಂದು ಮಾಡಿಕೊಂಡಲ್ಲೇ ಎಡವುತ್ತೇವೆ.

ನಮ್ಮ ಭಾಗದಲ್ಲಿ ಮಾತಿನದು ಬೇರೆ ಫಜೀತಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ತೆಲುಗಿನಲ್ಲಿ ‘ವಚ್ಚಿಂದಿ’ ಅಂದರೆ ಅಕ್ಕ ಬಂದಳು ಎಂದೂ ಆಗುತ್ತದೆ, ಬಸ್ಸು ಬಂತು ಎಂದೂ ಆಗುತ್ತದೆ. ಅದೇ ಗುಂಗಿನಲ್ಲಿ ಮಗು ಕನ್ನಡದಲ್ಲಿ ‘ಅಕ್ಕ ಬಂತು’ ಎನ್ನುತ್ತದೆ. ಇದರ ಮೇಲೆ ಆಟಿಸಂ ಇದ್ದರೆ ಕೇಳಿದ್ದನ್ನು ಹಾಗೇ ಒಪ್ಪಿಸುವ ಅಭ್ಯಾಸವೂ ಸೇರುತ್ತದೆ: ಅಮ್ಮ ಅಕ್ಕನಿಗೆ ‘ಬಾರೇ’ ಎಂದಿದ್ದನ್ನು ಕೇಳಿದ ಹುಡುಗ ತನ್ನನ್ನೂ ‘ಬಾರೇ’ ಎಂದು ಕರೆದುಕೊಳ್ಳುತ್ತಾನೆ. ಇಷ್ಟನ್ನೇ ಹಿಡಿದು ಅವನ ಲಿಂಗತ್ವ ಹೇಳಲಾಗದು. ‘ನೀನು ಹುಡುಗನೋ ಹುಡುಗಿಯೋ?’ ಎಂದು ಕೇಳಿದರೆ ಕೊನೆಯ ಪದವನ್ನೇ ತಿರುಗಿ ಹೇಳುವವರಿದ್ದಾರೆ. ಇನ್ನೊಂದು ದಿನ ಪದಗಳ ಸ್ಥಾನ ಅದಲು ಬದಲು ಮಾಡಿ ಕೇಳಿ ನೋಡಿ. ‘ಹೌದಾ, ಅಲ್ವಾ’ ಎಂಬ ಪ್ರಶ್ನೆ ಬೇಡವೇ ಬೇಡ, ದೊಡ್ಡವರ ಮುಖ ನೋಡಿ ‘ಹೌದು’ ಎಂದುಬಿಡುತ್ತಾರೆ. ಚೀಟಿಗಳ ಮೇಲೆ ಹುಡುಗ, ಹುಡುಗಿ, ಎರಡೂ, ಎರಡೂ ಅಲ್ಲ, ಗೊತ್ತಿಲ್ಲ, ಈಗ ಬೇಡ ಎಂದು ಬರೆದು ಮುಂದಿಟ್ಟು, ಬೇರೆ ಬೇರೆ ದಿನ, ಬೇರೆ ಬೇರೆಯವರು ಕೇಳಿ. ಬಾಯಲ್ಲಿ ಹೇಳಲಾಗದ್ದನ್ನು ವಾಟ್ಸ್ಆ್ಯಪ್‌ನಲ್ಲಿ ಪುಟಗಟ್ಟಲೆ ಬರೆಯುವ ಯುವಕ ಯುವತಿಯರೂ ಇದ್ದಾರೆ. ಅದೂ ಉತ್ತರವೇ. ಇನ್ನು, ಹದಿನಾರು ವರ್ಷದವರೊಬ್ಬರು ‘ನನ್ನನ್ನು ಅವಳು ಅನ್ನಿ, ಅವನು ಅನ್ನಬೇಡಿ’ ಎಂದು ತಿಂಗಳುಗಟ್ಟಲೆ ಕೇಳುತ್ತಿದ್ದರೆ ಅದನ್ನು ವ್ಯಾಕರಣದ ತಪ್ಪಿನ ಲೆಕ್ಕಕ್ಕೆ ಹಾಕಬೇಡಿ.

ಇದೇನು ಹೊಸ ಕಾಲದ ಹುಚ್ಚು ಎನ್ನುವವರಿಗೆ ಎರಡು ಅಂಕಿ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ 6 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟಿದಾಗ ಹೇಳಿದ ಲಿಂಗಕ್ಕೆ ಹೊಂದದ ಲಿಂಗತ್ವ ಇರುವವರಲ್ಲಿ ಆಟಿಸಂ ಎಂದು ಗುರುತಿಸಲ್ಪಟ್ಟವರ ಪ್ರಮಾಣ ಉಳಿದವರಿಗಿಂತ 3ರಿಂದ 6 ಪಟ್ಟು ಹೆಚ್ಚಿತ್ತು. ಅಲ್ಲಿನವರೇ 2021ರಲ್ಲಿ 2,386 ಮಂದಿಯನ್ನು ಅವರ ಲೈಂಗಿಕ ಒಲವಿನ ಬಗ್ಗೆ ಕೇಳಿದಾಗ, ತಾವು ಅಲೈಂಗಿಕರು (ಯಾರ ಮೇಲೂ ಲೈಂಗಿಕ ಆಸೆ ಇಲ್ಲದವರು) ಅಥವಾ ‘ಇತರೆ’ ಎಂದು ಹೇಳಿಕೊಂಡವರು ಆಟಿಸಂ ಇಲ್ಲದವರಿಗಿಂತ ಆಟಿಸಂ ಇರುವವರಲ್ಲಿ ಸುಮಾರು 8 ಪಟ್ಟು ಹೆಚ್ಚಿದ್ದರು. ಇವು ಪಾಶ್ಚಾತ್ಯ ದೇಶಗಳ ಜನರಿಂದಲೇ ಹೆಚ್ಚಾಗಿ ಬಂದ ಲೆಕ್ಕ, ನಮ್ಮ ತಾಲ್ಲೂಕಿಗೆ ಹಾಗೇ ಅಂಟಿಸಲಾಗದು. ಆಟಿಸಂ ಇರುವವರೆಲ್ಲ ಹೀಗೆ ಎಂದೋ, ಲಿಂಗತ್ವ ಅಲ್ಪಸಂಖ್ಯಾತರಿಗೆಲ್ಲ ಆಟಿಸಂ ಇದೆ ಎಂದೋ ಓದಿಕೊಳ್ಳುವುದಂತೂ ಪೂರಾ ತಪ್ಪು.

ಒಂದು ಇನ್ನೊಂದಕ್ಕೆ ಕಾರಣ ಎಂದು ಸಾಬೀತಾಗಿಲ್ಲ. ಒಂದು ವಿವರಣೆ ನಮಗೆ ಒಪ್ಪಿಗೆಯಾಗುತ್ತದೆ: ‘ನಾಲ್ಕು ಜನ ಏನಂತಾರೆ’ ಎಂಬ ಅಳುಕು ಆಟಿಸಂ ಇರುವ ಅನೇಕರಲ್ಲಿ ಕಡಿಮೆ, ಆದ್ದರಿಂದ ಬೇರೆಯವರು ನುಂಗಿಕೊಳ್ಳುವುದನ್ನು ಇವರು ಹೇಳಿಬಿಡುತ್ತಾರೆ. ಅಳುಕು ಕಡಿಮೆ ಎಂದರೆ ನೋವು ಕಡಿಮೆ ಎಂದಲ್ಲ. ತಾಯಿ ಮಗನಿಗೆ ಹುಡುಗಿಯ ಬಟ್ಟೆ ಹಾಕಿ ಫೋಟೊ ತೆಗೆಸಿದ್ದರಿಂದ ಹೀಗಾಯಿತು ಎಂದು ತಾಯಿಯನ್ನು ದೂರುವುದಕ್ಕೆ ಯಾವ ಆಧಾರವೂ ಇಲ್ಲ.

ಅಲೈಂಗಿಕರ ವಿಷಯ ನಮ್ಮಲ್ಲಿ ಯಾರೂ ಎತ್ತುವುದಿಲ್ಲ, ಎತ್ತಬೇಕಾದ್ದು ಮದುವೆಯ ಕಾರಣಕ್ಕೆ. ಇಪ್ಪತ್ತೈದು ದಾಟಿದ ಮಗ ಯಾರ ಕಡೆಗೂ ಆಸೆ ಇಲ್ಲ ಎಂದರೆ ‘ಕಟ್ಟಿಹಾಕಿದರೆ ತಾನೇ ಸರಿಹೋಗ್ತಾನೆ’ ಎಂದು ಹೆಣ್ಣು ನೋಡಲು ಹೊರಡುತ್ತಾರೆ. ಹೆಣ್ಣಿನ ಕಡೆಯವರಿಗೆ ಆಟಿಸಂ ಸುದ್ದಿಯನ್ನೂ ಹೇಳುವುದಿಲ್ಲ. ಆರು ತಿಂಗಳಲ್ಲಿ ಎರಡು ಜೀವಗಳು ಒಂದು ಕೋಣೆಯಲ್ಲಿ ಸಿಕ್ಕಿಬಿದ್ದಿರುತ್ತವೆ. ಮದುವೆ ಚಿಕಿತ್ಸೆಯಲ್ಲ. ಆಟಿಸಂಗೂ ಅಲ್ಲ, ಆಸೆ ಇಲ್ಲದ್ದಕ್ಕೂ ಅಲ್ಲ, ಅದೇ ಲಿಂಗದವರ ಮೇಲಿನ ಆಸೆಗೂ ಅಲ್ಲ. ಆಟಿಸಂ ಇರುವವರಿಗೆ ಮದುವೆಯೇ ಬೇಡ ಎಂದೂ ನಾವು ಹೇಳುತ್ತಿಲ್ಲ. ಅವರನ್ನೇ ಕೇಳಿ, ಇನ್ನೊಬ್ಬರಿಗೂ ತಿಳಿಸಿ ಎನ್ನುತ್ತಿದ್ದೇವೆ.

ಈಗ ಮನೆಯ ಪಾಠಕ್ಕೆ ಬರೋಣ. ಶಾಲೆಗಳಲ್ಲಿ ಹೇಳಿಕೊಡುವ ‘ಗುಡ್ ಟಚ್, ಬ್ಯಾಡ್ ಟಚ್’ ಈ ಮಕ್ಕಳ ಮಟ್ಟಿಗೆ ಅರೆಬೆಂದ ಪಾಠ. ತಲೆ ಬಾಚುವುದೂ ಉಗುರು ಕತ್ತರಿಸುವುದೂ ಅವರಿಗೆ ‘ಬ್ಯಾಡ್’ ಅನ್ನಿಸುತ್ತದೆ, ಕೆಟ್ಟ ಉದ್ದೇಶದವನ ಮೃದುವಾದ ಕೈ ‘ಗುಡ್’ ಅನ್ನಿಸಬಹುದು. ಅನ್ನಿಸಿಕೆಯ ಬದಲು ನಿಯಮ ಕಲಿಸಿ: ಚಡ್ಡಿಯಿಂದಲೂ ಬನಿಯನ್‌ನಿಂದಲೂ ಮುಚ್ಚುವ ಜಾಗ ಖಾಸಗಿ. ಅದನ್ನು ಬೇರೆಯವರು ಮುಟ್ಟುವುದು ತೊಳೆಯಲು ಸಹಾಯ ಬೇಕಾದಾಗ ಅಥವಾ ಡಾಕ್ಟರ ಹತ್ತಿರ ಮನೆಯವರು ಜೊತೆಗಿದ್ದಾಗ ಮಾತ್ರ. ಮನೆಯವರೇ ಆದರೂ ‘ಯಾರಿಗೂ ಹೇಳಬೇಡ’ ಎಂದರೆ ಹೇಳಲೇಬೇಕು. ಆ ಅಂಗಗಳಿಗೆ ಮನೆಯಲ್ಲೂ ಶಾಲೆಯಲ್ಲೂ ಒಂದೇ ಹೆಸರು ಇರಲಿ. ಮನೆಯಲ್ಲೊಂದು ತೆಲುಗು ಮುದ್ದುಹೆಸರು, ಶಾಲೆಯಲ್ಲಿ ‘ಅದು’, ಆಸ್ಪತ್ರೆಯಲ್ಲಿ ಇಂಗ್ಲಿಷು ಎಂದಾದರೆ, ಏನಾದರೂ ನಡೆದಾಗ ಮಗು ಹೇಳಿದ್ದು ಯಾರಿಗೂ ತಿಳಿಯುವುದಿಲ್ಲ.

ಹಸ್ತಮೈಥುನಕ್ಕೆ ಹೊಡೆಯುವುದು ಬೇಡ, ‘ಛೀ’ ಬೇಡ. ‘ಇಲ್ಲಿ ಬೇಡ’ ಎಂದು ಹೇಳಿ ನಿಲ್ಲಿಸಿದರೂ ಸಾಲದು, ಎಲ್ಲಿ ಎಂದು ಹೇಳಬೇಕು: ಬಚ್ಚಲು ಅಥವಾ ಕೋಣೆ, ಬಾಗಿಲು ಹಾಕಿ, ಚಿಲಕ ಹಾಕಿ, ಆಮೇಲೆ ಕೈ ತೊಳೆದು. ಚಿಲಕದ ಪಕ್ಕ ಒಂದು ಚಿತ್ರ ಅಂಟಿಸಿ. ಒಂದೇ ಕೋಣೆಯ ಮನೆಯಾದರೆ ಬಚ್ಚಲಿನಲ್ಲಿ ಅವರಿಗೆಂದೇ ಹೊತ್ತು ಬಿಟ್ಟುಕೊಡಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ನಮ್ಮಂಥವರ ಕಡೆಯಿಂದಲೇ ಆಗುತ್ತಿದೆ, ಒಪ್ಪಿಕೊಳ್ಳುತ್ತೇವೆ. ಎರಡನೇ ವಯಸ್ಸಿನಿಂದ ‘ಕೈ ಕೊಡು, ಕೂತ್ಕೊ, ಮಾಮನಿಗೆ ಮುತ್ತು ಕೊಡು’ ಎಂದು ಹೇಳಿದ್ದಕ್ಕೆಲ್ಲ ಬಿಸ್ಕತ್ತು ಕೊಟ್ಟು ಬೆಳೆಸಿದ ಮಗು, ಹದಿಮೂರರಲ್ಲಿ ಯಾರು ಏನು ಹೇಳಿದರೂ ಮಾಡುತ್ತದೆ. ‘ಬೇಡ’ ಎಂಬ ಮಾತನ್ನೂ ಚಿತ್ರದ ಕಾರ್ಡನ್ನೂ ಕಲಿಸಿ, ದಿನಕ್ಕೆ ಹತ್ತು ಸಲವಾದರೂ ಆ ‘ಬೇಡ’ಕ್ಕೆ ಬೆಲೆ ಕೊಡಬೇಕು. ಸಾರು ಬೇಡ ಎಂದರೆ ಸಾರು ಬಡಿಸಬಾರದು. ಅಲ್ಲಿ ಗೆಲ್ಲದ ‘ಬೇಡ’ ಬೇರೆಡೆ ಬಾಯಿಂದ ಹೊರಡುವುದಿಲ್ಲ.

ಮುಟ್ಟಿನ ತಯಾರಿ ಎದೆ ಮೂಡಲು ಶುರುವಾದಾಗಲೇ ಆಗಲಿ, ಆಮೇಲೆ ಸಾಮಾನ್ಯವಾಗಿ ಎರಡು ವರ್ಷದಷ್ಟು ಸಮಯ ಇರುತ್ತದೆ. ಪ್ಯಾಡನ್ನು ಮೊದಲು ದಿನಕ್ಕೆ ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ ಕಟ್ಟಿ ಅಭ್ಯಾಸ ಮಾಡಿಸಿ, ಕೆಂಪು ಬಣ್ಣ ಹಾಕಿ ತೋರಿಸಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಲು ಗಡಿಯಾರದ ಚಿತ್ರ ಸಾಕು. ತನ್ನನ್ನು ಹುಡುಗ ಎಂದು ತಿಳಿದವರಿಗೆ ರಕ್ತದ ವಾಸನೆ ಒಂದು ಕಡೆ, ‘ದೊಡ್ಡವಳಾದಳು’ ಎಂಬ ಆರತಿ ಇನ್ನೊಂದು ಕಡೆ ಹಿಂಸೆ. ಆ ಶಾಸ್ತ್ರವನ್ನು ಕೈಬಿಟ್ಟರೆ ಯಾರ ಗಂಟೂ ಹೋಗುವುದಿಲ್ಲ. ನೋಡಿಕೊಳ್ಳುವುದು ಕಷ್ಟ ಎಂದು ಗರ್ಭಕೋಶ ತೆಗೆಸುವ ಮಾತು ಈಗಲೂ ಕಿವಿಗೆ ಬೀಳುತ್ತದೆ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 10ನೇ ಸೆಕ್ಷನ್ ಪ್ರಕಾರ, ವ್ಯಕ್ತಿಯ ತಿಳಿದುಕೊಟ್ಟ ಒಪ್ಪಿಗೆ ಇಲ್ಲದೆ ಸಂತಾನಶಕ್ತಿ ಹೋಗುವಂಥ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಮೂರು ವಾರದ ಒಂದು ನೋಟ್‌ಬುಕ್ ಒಯ್ಯಿರಿ: ದಿನ, ಹೊತ್ತು, ಎಲ್ಲಿ, ಏನಾಯಿತು, ಮಗು ಆಡಿದ ಮಾತು ಇದ್ದದ್ದು ಇದ್ದ ಹಾಗೆ. ‘ಯಾವಾಗಲೂ ಹೀಗೇ ಸರ್’ ಎಂಬ ಮಾತಿನಿಂದ ಅವರಿಗೆ ಏನೂ ದಕ್ಕುವುದಿಲ್ಲ. ‘ಮೊದಲು ಆಟಿಸಂ ಸರಿಯಾಗಲಿ, ಆಮೇಲೆ ಇದನ್ನು ನೋಡೋಣ’ ಎಂದವರಿದ್ದರೆ ಬೇರೆಯವರನ್ನು ಕಾಣಿ. ಆಟಿಸಂ ಹೋಗುವಂಥದ್ದಲ್ಲ, ಹಾಗಾಗಿ ಆ ‘ಆಮೇಲೆ’ ಎಂದೂ ಬರುವುದಿಲ್ಲ. ಆತುರವೂ ಬೇಡ. ಹೆಸರು, ಬಟ್ಟೆ, ಕೂದಲು ಬೇಕೆಂದಾಗ ಮತ್ತೆ ಬದಲಿಸಬಹುದಾದವು, ಅಲ್ಲಿಂದ ಶುರು ಮಾಡಬಹುದು. ಔಷಧ, ಶಸ್ತ್ರಚಿಕಿತ್ಸೆಯ ಮಾತಿಗೆ ಆಟಿಸಂ ಬಲ್ಲವರೂ ಲಿಂಗತ್ವ ಬಲ್ಲವರೂ ಒಟ್ಟಿಗೆ ಕೂರಬೇಕು, ಸಾಮಾನ್ಯಕ್ಕಿಂತ ಹೆಚ್ಚು ಭೇಟಿಗಳು ಬೇಕಾಗುತ್ತವೆ. ಸಲಿಂಗ ಒಲವನ್ನೋ ಲಿಂಗತ್ವವನ್ನೋ ‘ಬದಲಿಸಿಕೊಡುತ್ತೇವೆ’ ಎನ್ನುವವರಿಗೆ ದುಡ್ಡು ಸುರಿಯಬೇಡಿ. ಅಂಥ ಚಿಕಿತ್ಸೆ ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮಗು ಊಟ, ನಿದ್ದೆ ಬಿಟ್ಟು, ಸಾಯುವ ಮಾತಾಡಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ತಮ್ಮ ಪತ್ರಿಕೆಯಲ್ಲೂ ಒಂದು ಕೋರಿಕೆ: ‘ಆಟಿಸಂ ಕಾಯಿಲೆಯಿಂದ ಬಳಲುತ್ತಿರುವ’ ಎಂಬ ಸಿದ್ಧವಾಕ್ಯ ಬಿಡಿ, ‘ಆಟಿಸಂ ಇರುವ’ ಎಂದರೆ ಸಾಕು, ಜಾಗವೂ ಉಳಿಯುತ್ತದೆ.

ಶಾಲೆಗಳಿಗೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಸಮವಸ್ತ್ರದ ಬಣ್ಣ ಅದೇ ಇರಲಿ, ಚೂಡಿದಾರೋ ಪ್ಯಾಂಟೋ ಎಂಬುದನ್ನು ಮಗುವಿಗೆ ಬಿಡಿ. ಅಂಗವಿಕಲ ಮಕ್ಕಳಿಗೆಂದು ಕಟ್ಟಿಸಿದ ಶೌಚಾಲಯ ಅನೇಕ ಕಡೆ ಬೀಗ ಹಾಕಿಕೊಂಡು, ಒಳಗೆ ಪೊರಕೆ, ಬಕೆಟ್ಟು, ಮುರಿದ ಬೆಂಚು ತುಂಬಿಕೊಂಡಿದೆ. ಅದಕ್ಕೆ ಹೆಣ್ಣು, ಗಂಡು ಎಂಬ ಬೋರ್ಡಿಲ್ಲ, ಗದ್ದಲವಿಲ್ಲ, ಚಿಲಕವಿದೆ. ಹುಡುಗರ ಸಾಲಿಗೂ ಹುಡುಗಿಯರ ಸಾಲಿಗೂ ಹೋಗಲಾರದೆ ಬೆಳಗಿನಿಂದ ಸಂಜೆವರೆಗೆ ನೀರೇ ಕುಡಿಯದೆ ಕೂರುವ ಮಗುವಿಗೆ ಬೇಕಾದದ್ದೆಲ್ಲ ಅಲ್ಲೇ ಇದೆ. ಸಾಮಾನು ಹೊರಗೆ ಹಾಕಿಸಿ, ಬೀಗದ ಕೈಯನ್ನು ಹೆಡ್‌ಮಾಸ್ಟರ ಮೇಜಿನ ಡ್ರಾಯರಿನಿಂದ ತೆಗೆದು, ಕೇಳದೆಯೇ ಸಿಗುವಂತೆ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ.

– ವಿಶೇಷ ಶಿಕ್ಷಕರು ಹಾಗೂ ಆಪ್ತಸಮಾಲೋಚಕರು, ಕೋಲಾರ