ಒಬ್ಬಳ ಅಳತೆ

ಡೊಂಬಿವಲಿ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಇತ್ತ ಕ್ಷೇಮ. ಊರಿನ ಜಾಗದ ತಕರಾರು, ನಿನ್ನ ಅಮ್ಮನ ಗಂಟುನೋವು ಎಲ್ಲ ನನಗಿಂತ ಮೊದಲೇ ನಿನಗೆ ಫೋನಿನಲ್ಲಿ ಮುಟ್ಟಿರುತ್ತದೆ. ಅದನ್ನು ಬಿಡುವ.

ನಿನ್ನ ಕಾಗದದಲ್ಲಿ ಹೆಚ್ಚಿನದ್ದು ಕೇಕಿನ ವಿಷಯ. ಮೈಕ್ರೋವೇವಿನಲ್ಲಿ ಒಂದು ಮಗ್ಗಿನಷ್ಟು ಮಾಡಿಕೊಂಡರೆ ರಬ್ಬರಿನ ಹಾಗೆ ಜಗ್ಗುತ್ತದೆ, ತಣಿದರೆ ಕಲ್ಲಾಗುತ್ತದೆ, ಹಗುರ ಬರಲಿಕ್ಕೆ ಎಂತ ಮಾಡಬೇಕು ಎಂದು ಕೇಳಿದ್ದೀಯ. ಹೋಟೆಲಿನಲ್ಲಿ ಆಯುಷ್ಯ ಕಳೆದವನಿಗೆ ಇದೆಲ್ಲ ಗೊತ್ತಿರುತ್ತದೆ ಎಂದು ತಿಳಿದುಕೊಂಡಿರಬೇಕು. ಅದರ ಕೆಳಗೆ, ಹಾಳೆಯಲ್ಲಿ ಜಾಗ ಸಾಲದೆ ಓರೆಯಾಗಿ, ಒಂದು ಸಾಲು ಗೀಚಿದ್ದೀಯ: "ಒಬ್ಬಳ ಅಳತೆ ಕೈಗೆ ಕೂತುಬಿಟ್ಟಿದೆ ಮಾವ, ಇನ್ನು ಇಬ್ಬರಿಗೆ ಮಾಡಲಿಕ್ಕೆ ಬರುವುದಿಲ್ಲವೋ ಏನೋ ಅಂತ ಹೆದರಿಕೆ ಆಗ್ತದೆ." ಕೇಕಿನ ಪ್ರಶ್ನೆಗೆ ಹೇಗಾದರೂ ಉತ್ತರ ಹುಡುಕಬಹುದು. ಆ ಓರೆ ಸಾಲು ಮಾತ್ರ ನನಗೆ ನಿದ್ದೆ ಕೊಡಲಿಲ್ಲ.

ಮೊದಲು ಕೇಕು ಮುಗಿಸುತ್ತೇನೆ. ನಿನ್ನ ಅತ್ತೆ ಆ ಪೆಟ್ಟಿಗೆಯಲ್ಲಿ ಹಪ್ಪಳ ಬಿಟ್ಟರೆ ಬೇರೆ ಏನೂ ಇಟ್ಟವಳಲ್ಲ, ನಾನು ಹಾಲು ಬಿಸಿ ಮಾಡುವವ. ನಿನ್ನ ಕಾಗದ ಬಂದ ಮೇಲೆ ಹಿಟ್ಟು ಕಲಸಿಟ್ಟು, ಗಾಜಿನ ಬಾಗಿಲ ಎದುರು ಕುರ್ಚಿ ಎಳೆದುಕೊಂಡು ಕೂತೆ. ನಗಬೇಡ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಒಂದು ಬದಿ ಉಬ್ಬುತ್ತದೆ, ನಡು ಏಳುತ್ತದೆ, ನೋಡುತ್ತಿದ್ದಂತೆ ಕಪ್ಪಿನ ಬಾಯಿ ದಾಟಿ ಓಲಾಡುತ್ತದೆ. ಯಂತ್ರ ನಿಂತಿತೋ, ಅರ್ಧ ಇಳಿಯಿತು. ಮೇಲೆ ಬಿಳಿಚಿಕೊಂಡದ್ದು ಬಿಳಿಚಿಕೊಂಡೇ ಉಳಿಯಿತು. ಬೇಕರಿಯ ಕೆಂಪು ಇದಕ್ಕೆ ಬರುವುದಿಲ್ಲ, ಕಾಯಬೇಡ. ಆ ಅಲೆಗಳು ಕಾಯಿಸುವುದು ಮುಖ್ಯವಾಗಿ ಹಿಟ್ಟಿನೊಳಗಿನ ನೀರನ್ನು. ನೀರಿರುವ ತನಕ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಮೈ ಕೆಂಪಾಗಬೇಕಾದರೆ 140 ಡಿಗ್ರಿಯಾದರೂ ಬೇಕು. ಹಾಗಾಗಿ ಇದು ಭಟ್ಟಿಯಲ್ಲಿ ಸುಟ್ಟ ಕೇಕಲ್ಲ, ತನ್ನದೇ ಹಬೆಯಲ್ಲಿ ಬೆಂದದ್ದು. ನನ್ನನ್ನು ಕೇಳಿದರೆ ನಮ್ಮ ಇಡ್ಲಿಗೇ ಹತ್ತಿರದ ಸಂಬಂಧ. ಇಡ್ಲಿಯೂ ಹೊತ್ತು ಮೀರಿ ಒಲೆಯ ಮೇಲೆ ಕೂತರೆ ಬಿರುಸಾಗುತ್ತದಲ್ಲ, ಇದೂ ಹಾಗೆಯೇ. ಅಲ್ಲಿ ನಿಮಿಷದ ಲೆಕ್ಕ, ಇಲ್ಲಿ ಸೆಕೆಂಡಿನದ್ದು.

ಆದರೆ ಒಂದೇ ಒಂದು ಇಡ್ಲಿ ಬೇಯಿಸುವವರನ್ನು ನಾನು ಕಂಡದ್ದಿಲ್ಲ. ನೋಡಿದೆಯಾ, ಎಲ್ಲಿ ಹೊರಟರೂ ನಿನ್ನ ಆ ಸಾಲಿಗೇ ಬಂದು ಮುಟ್ಟುತ್ತೇನೆ.

ನಾನು ಬೊಂಬಾಯಿಗೆ ಬಂದು ಮಾಟುಂಗಾದ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುತ್ತಿದ್ದದ್ದು, ಫೋರ್ಟಿನ ಕನ್ನಡ ರಾತ್ರಿ ಶಾಲೆಯ ಬೆಂಚಿನಲ್ಲಿ ತೂಕಡಿಸಿದ್ದು ನಿನಗೆ ಬಾಯಿಪಾಠ. ಉಣ್ಣುತ್ತಿದ್ದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಧ್ಯಾಹ್ನದ ಗಿರಾಕಿ ಪೂರಾ ಖಾಲಿಯಾದ ಮೇಲೆ, ನಾಲ್ಕು ಗಂಟೆಗೆ, ಭಟ್ಟಿಯ ಪಕ್ಕ ನಿಂತುಕೊಂಡು. ಒಂದು ಕೈಯಲ್ಲಿ ತಟ್ಟೆ, ಕಣ್ಣು ಗಲ್ಲಾದ ಕಡೆಗೆ. ಯಾವಾಗ ಕರೆಯುತ್ತಾರೋ ಗೊತ್ತಿಲ್ಲ. ಅದೇ ಪೇಟೆಯಲ್ಲಿ 1942ರಲ್ಲಿ ಶುರುವಾದ ರಾಮ ನಾಯಕರ ಬೋರ್ಡಿಂಗಿನಲ್ಲಿ ಗುರುತು ಪರಿಚಯ ಇಲ್ಲದವರು ಒಂದೇ ಮೇಜಿಗೆ ಎದುರುಬದುರು ಕೂತು ಬಾಳೆಲೆಯಲ್ಲಿ ಉಣ್ಣುವುದನ್ನು ನೋಡಿದಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಊಟಕ್ಕಲ್ಲ, ಊಟ ನಮ್ಮಲ್ಲೂ ಇತ್ತು. ಕೂತದ್ದಕ್ಕೆ.

ಆ ಕಾಲದ ಹೋಟೆಲು ಹುಡುಗರೆಲ್ಲ ಒಬ್ಬೊಬ್ಬರದೇ ಅಳತೆಯವರು. ಊರಿಗೆ ಹೋದಾಗ ಎಲ್ಲರ ಜೊತೆ ಚೆನ್ನಾಗಿಯೇ ಉಂಡರು, ಎಂತದೂ ಮರೆಯಲಿಲ್ಲ ಎಂದು ಬರೆದು ನಿನ್ನನ್ನು ಸಮಾಧಾನ ಮಾಡಬಹುದಿತ್ತು. ಪೂರ್ತಿ ನಿಜವಲ್ಲ ಮಾರಾಯ್ತಿ. ಮಳೆಗಾಲದಲ್ಲಿ ಊರಿಗೆ ಹೋದವ ನಾನು ತಲೆ ಬಗ್ಗಿಸಿ ಗಬಗಬ ಉಂಡು, ಅಮ್ಮ ಸಾರು ತರುವುದರೊಳಗೆ ಕೈ ತೊಳೆದಿರುತ್ತಿದ್ದೆ. ಅಮ್ಮ ಸಾರಿನ ಪಾತ್ರೆ ಹಿಡಿದುಕೊಂಡು ಖಾಲಿ ಮಣೆ ನೋಡುತ್ತಿದ್ದಳು.

ಈ ಯಂತ್ರವೂ ಒಬ್ಬರಿಗೆಂದು ಹುಟ್ಟಿದ್ದಲ್ಲವಂತೆ. ಯುದ್ಧಕಾಲದ ರೇಡಾರಿನ ಸಾಮಾನಿನಿಂದ ಬಂದದ್ದು. 1947ರಲ್ಲಿ ಮೊದಲು ಮಾರಾಟಕ್ಕೆ ಇಟ್ಟದ್ದು ಆಳೆತ್ತರ, 300 ಕಿಲೋಗೂ ಮೇಲೆ ತೂಕ, ದೊಡ್ಡ ದೊಡ್ಡ ಅಡಿಗೆಮನೆಗಳಿಗೆ ಎಂದು. ಈಗ ಪುಣೆಯಲ್ಲಿ ನಿನ್ನ ಹಿಂಜೆವಾಡಿಯ ರೂಮಿನಲ್ಲಿ ಒಂದು ಮಗ್ಗು ತಿರುಗಿಸುತ್ತಾ ಕೂತಿದೆ. ಇದನ್ನು ಯಾಕೆ ಬರೆದೆನೋ. ಇರಲಿ.

ನಿನ್ನ ಅತ್ತೆಯ ವಿಷಯ ಬರೆಯಬೇಕು. ಅಕ್ಕಿ ಡಬ್ಬಿಯಲ್ಲಿ ಅಳೆಯಲಿಕ್ಕೆ ಹಿತ್ತಾಳೆಯ ಒಂದು ಕುಡ್ತೆ ಇತ್ತು, ನೀನೂ ಸಣ್ಣವಳಿದ್ದಾಗ ಅದರಲ್ಲಿ ಆಡಿದ್ದೀಯ. ತುಂಬಿಸಿ, ಹೆಬ್ಬೆರಳು ಅಡ್ಡ ಹಿಡಿದು ಬಾಯಿ ಸವರಿ, ಹೆಚ್ಚಾದ ನಾಲ್ಕು ಕಾಳು ಹಿಂದೆ ಡಬ್ಬಿಗೆ ಬೀಳಿಸುತ್ತಿದ್ದಳು. ಆ ಒಂದು ಕುಡ್ತೆ ಒಬ್ಬಳಿಗೆ. ಮಗ ಓದಲಿಕ್ಕೆ ಹೊರಗೆ ಹೋದ ಮೇಲೆ ಅಷ್ಟು ವರ್ಷವೂ ಅದೇ. ನಾನು ಹೋಟೆಲಿನಲ್ಲೇ ಉಂಡು ಕೊನೇ ಲೋಕಲಿನಲ್ಲಿ ಬರುವವ. ನನಗೆ ರಜೆ ಇದ್ದ ದಿನ ಅದೇ ಕುಡ್ತೆ ಎರಡು ಸಲ, ಹೆಬ್ಬೆರಳು ಎರಡು ಸಲ. ಯೋಚನೆ ಮಾಡಿ ಹಾಕಿದ್ದಲ್ಲ. ಅನ್ನ ಒಂದು ದಿನ ಹೆಚ್ಚಾಗಲಿಲ್ಲ, ಕಡಿಮೆ ಬೀಳಲಿಲ್ಲ. ಹಾಗಾಗಿ ಅಳತೆಯ ಮಟ್ಟಿಗೆ ನೀನು ಹೆದರಬೇಡ. ಕೈಗೆ ಕೂತದ್ದು ಕೈ ಬಿಡುವುದಿಲ್ಲ ಎಂದೇನಿಲ್ಲ, ಎರಡು ಸಲ ತುಂಬಿಸಿದರೆ ಇಬ್ಬರಿಗಾಯಿತು.

ಆದರೆ ನನ್ನ ಎದುರು ಕೂತರೂ ಅವಳ ಊಟ, ನಾನು ಹುಳಿ ಕಲಸಿಕೊಳ್ಳುವುದರೊಳಗೆ ಮುಗಿದಿರುತ್ತಿತ್ತು. ಎರಡು ಮಾತಾಡುತ್ತಾ ಉಣ್ಣುವುದು ಹೋಗಿಬಿಟ್ಟಿತ್ತು. ಅದು ಅವಳ ಸ್ವಭಾವ ಎಂದೇ ನಾನು ತಿಳಿದಿದ್ದೆ. ದಿನವಿಡೀ ಊರವರನ್ನೆಲ್ಲ ಎಂತ ಬೇಕು, ಎಂತ ಕೊಡಲಿ ಎಂದು ಕೇಳಿದವ ನಾನು. ರಾತ್ರಿ ಅನ್ನಕ್ಕೆ ಎಂತ ಮಾಡಿಕೊಂಡೆ ಎಂದು ಅವಳನ್ನು ಕೇಳಿದ ನೆನಪು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಮಜ್ಜಿಗೆ, ಮಿಡಿ ಉಪ್ಪಿನಕಾಯಿ ಇದ್ದೀತು. ಆಮೇಲಿನದ್ದು ನಿನಗೆ ಗೊತ್ತೇ ಉಂಟು.

ಹಾಗಾಗಿ ನಿನ್ನ ಹೆದರಿಕೆಯಲ್ಲಿ ನನಗೆ ಸಿಕ್ಕಿಕೊಂಡದ್ದು ಅಳತೆಯಲ್ಲ. ಕೇಕನ್ನು ಮಗ್ಗಿನಿಂದಲೇ ಚಮಚದಲ್ಲಿ ತೆಗೆದು, ಮೋರಿಯ ಹತ್ತಿರ ನಿಂತು, ತಿಂದ ಕೂಡಲೇ ತೊಳೆದಿಡುತ್ತೇನೆ ಎಂದು ತಮಾಷೆಗೆ ಬರೆದಿದ್ದೀಯಲ್ಲ, ಅದು. ಒಬ್ಬಳೇ ತಿನ್ನುವುದರಲ್ಲಿ ನನಗೆ ಏನೂ ತಪ್ಪು ಕಾಣುವುದಿಲ್ಲ. ಕೆಲವರಿಗೆ ಅದೇ ಸುಖ. ನಿಂತು ತಿನ್ನಬೇಡ. ತಟ್ಟೆಗೆ ಹಾಕಿಕೊಂಡು ಕೂತುಕೋ. ನಿಂತು ಉಂಡವನ ಬುದ್ಧಿ ಇದು, ಬೇಕಾದರೆ ತೆಗೆದುಕೋ.

ತಟ್ಟೆಗೆ ಹಾಕಬೇಕಾದರೆ ಕೇಕು ಕಪ್ಪಿನಿಂದ ಬಿಟ್ಟು ಬರಬೇಕು. ಅದಕ್ಕೊಂದು ದಾರಿ ಉಂಟು. ನಮ್ಮ ಕಟ್ಟಡದ ಒಬ್ಬ ಹುಡುಗ ಗೋವಾದಲ್ಲಿ ದೊಡ್ಡ ಹೋಟೆಲಿನ ಅಡಿಗೆಗೆ ಇದ್ದಾನೆ. ಅವನು ಹೇಳಿದ: ಸ್ಪೇನಿನ ಎಲ್ ಬುಲ್ಲಿ ಎಂಬ ಹೋಟೆಲಿನಲ್ಲಿ, ಅದು 2011ರಲ್ಲಿ ಮುಚ್ಚಿತಂತೆ, ಆಲ್ಬರ್ಟ್ ಆಡ್ರಿಯಾ ಎಂಬ ಸಿಹಿತಿಂಡಿಯ ಭಟ್ಟರು ಈ ಯಂತ್ರದಲ್ಲೇ ಸ್ಪಂಜು ಮಾಡಿ ಹೆಸರಾದರು. ಕೆನೆ ನೊರೆ ಮಾಡುವ ಸ್ಟೀಲು ಬಾಟಲಿಗೆ ಮೊಟ್ಟೆಯ ತೆಳು ಹಿಟ್ಟು ಸೋಸಿ ಹಾಕಿ, ಗ್ಯಾಸು ತುಂಬಿಸಿ, ಅಡಿ ಸೀಳಿದ ಕಾಗದದ ಕಪ್ಪಿಗೆ ನೊರೆಯಾಗಿಯೇ ಬಿಟ್ಟು, 40 ಸೆಕೆಂಡು ಇಡುವುದು. ತೆಗೆದ ಕೂಡಲೇ ಬೋರಲು ಹಾಕುವುದು, ಕೆಳಗೆ ಕುಸಿಯದೆ ಉಬ್ಬಿದ ಹಾಗೆಯೇ ತಣಿಯಲಿ ಎಂದು. ಬೇಕಿಂಗ್ ಪೌಡರು ಬೇಡವೇ ಬೇಡ, ಗಾಳಿಯೇ ಎಲ್ಲ. ನಿನ್ನಲ್ಲಿ ಆ ಬಾಟಲಿ ಇಲ್ಲ, ತರಿಸಲೂ ಬೇಡ, ದುಡ್ಡು ದಂಡ. ಗಾಳಿ ಮತ್ತು ಬೋರಲು, ಆ ಎರಡನ್ನು ತೆಗೆದುಕೊಂಡರೆ ಸಾಕು.

ನೀನು ಒಂದು ಮಗ್ಗಿಗೆ ಇಡೀ ಮೊಟ್ಟೆ ಒಡೆದು ಹಾಕುತ್ತೀಯ, ಜಗ್ಗುವುದು ಮುಖ್ಯವಾಗಿ ಅದಕ್ಕೆ. ಅಷ್ಟು ಮೈದಾಕ್ಕೆ ಅದು ಭಾರ. ಬಿಳಿ ಮಾತ್ರ ತೆಗೆದು ಫೋರ್ಕಿನಲ್ಲಿ ನೊರೆ ಬರಿಸಿ ಎರಡು ಚಮಚ ಸೇರಿಸು, ಹಾಲು ಅಷ್ಟು ಕಡಿಮೆ ಮಾಡು. ಮೊಟ್ಟೆ ಇಲ್ಲದೆಯೂ ಆಗುತ್ತದೆ, ನಾನು ಮಾಡಿದ್ದು ಹಾಗೆಯೇ: ದೊಡ್ಡ ಚಮಚದಲ್ಲಿ ಮೂರು ಮೈದಾ, ಒಂದು ಕಾರ್ನ್‌ಫ್ಲೋರು, ಎರಡು ಪುಡಿ ಸಕ್ಕರೆ, ಮೂರು ಹಾಲು, ಒಂದು ಎಣ್ಣೆ. ಚಹಾ ಚಮಚದ ಕಾಲು ಭಾಗ ಬೇಕಿಂಗ್ ಪೌಡರು, ಹೆಚ್ಚು ಹಾಕಿದರೆ ಬಾಯಿ ಒಗರಾಗುತ್ತದೆ, ಎದ್ದದ್ದು ಕುಸಿಯುತ್ತದೆ. ಒಂದು ಏಲಕ್ಕಿ. ಮೈದಾ ಬಿದ್ದ ಮೇಲೆ ಒದ್ದೆಯಾಗುವಷ್ಟು ಕಲಸಿ ಕೈಬಿಡು, ಗಂಟು ಒಂದೆರಡು ಉಳಿದರೆ ಉಳಿಯಲಿ. ಹೆಚ್ಚು ತಿರುಗಿಸಿದಷ್ಟೂ ಮೈದಾದ ಅಂಟು ಬಿಗಿಯುತ್ತದೆ. ಅಗಲ ಬಾಯಿಯ ಕಪ್ಪಿಗೆ ಎಣ್ಣೆ ಸವರಿ ಅರ್ಧಕ್ಕಿಂತ ಮೇಲೆ ತುಂಬಿಸಬೇಡ. ಚಿನ್ನದ ಗೆರೆಯ ಕಪ್ಪು ಬೇಡ, ಕಿಡಿ ಹಾರುತ್ತದೆ.

ಹೊತ್ತು ನಾನು ಹೇಳಲಾರೆ, ನನ್ನ ಯಂತ್ರ ಬೇರೆ ನಿನ್ನದು ಬೇರೆ. ಪೂರ್ತಿ ಜೋರು ಬೇಡ, ಒಂದು ಮೆಟ್ಟಿಲು ಕಡಿಮೆ ಇಡು. ಕಪ್ಪನ್ನು ತಿರುಗುವ ತಟ್ಟೆಯ ನಡುವಿನಲ್ಲಿಡದೆ ಅಂಚಿಗೆ ಇಡು, ಎಲ್ಲ ಬದಿಗೂ ಒಂದೇ ರೀತಿ ಶಾಖ ತಾಗುತ್ತದೆ. 50 ಸೆಕೆಂಡಿಗೆ ಒಮ್ಮೆ ನೋಡು, ಮತ್ತೆ ಹತ್ತು ಹತ್ತು ಸೆಕೆಂಡು. ಮೇಲೆ ನಾಲ್ಕಾಣೆಯಷ್ಟು ಜಾಗ ಇನ್ನೂ ಒದ್ದೆ ಇರುವಾಗಲೇ ನಿಲ್ಲಿಸಬೇಕು, ಒಳಗಿನ ಬಿಸಿಗೆ ಅದು ತಾನೇ ಬೇಯುತ್ತದೆ. ಒಂದು ನಿಮಿಷ ಬಿಟ್ಟು ತಟ್ಟೆಗೆ ಬೋರಲು ಹಾಕು. ಬಿಸಿ ಇರುವಾಗಲೇ ತಿನ್ನು, ನಾಳೆಗೆ ಇಡುವ ಪದಾರ್ಥ ಅಲ್ಲ ಇದು.

ಇಷ್ಟೆಲ್ಲ ಬರೆದರೂ ನಿನ್ನ ಪ್ರಶ್ನೆ ಇಬ್ಬರಿಗೆ ಮಾಡಲು ಬಂದೀತೇ ಎಂದು. ಪುಣೆಯಲ್ಲೇ ಈಸ್ಟ್ ಸ್ಟ್ರೀಟಿನಲ್ಲಿ ಕಯಾನಿ ಬೇಕರಿ ಉಂಟಲ್ಲ, ಶ್ರೂಸ್‌ಬರಿ ಬಿಸ್ಕತ್ತಿಗೆ ಸಾಲು ನಿಲ್ಲುವಲ್ಲಿ. ಅಲ್ಲಿಂದ ಒಬ್ಬಳಿಗೆ ಮುಗಿಯದಷ್ಟು ದೊಡ್ಡ ಮಾವಾ ಕೇಕು ತಂದು ಆಫೀಸಿನಲ್ಲಿ ಹಂಚು ಎಂದು ಬರೆಯಲು ಹೊರಟಿದ್ದೆ. ಮಾವನಿಗೆ ತೋಚಿದ್ದು ಇಷ್ಟೇ ಎಂದು ನೀನು ನಗುತ್ತೀ. ನನಗೂ ನಗು ಬಂತು.

ಯಾರಾದರೂ ಬಂದರೆ ಹೀಗೆ ಮಾಡು. ಹಿಟ್ಟು ಒಂದೇ ಪಾತ್ರೆಯಲ್ಲಿ ಇಮ್ಮಡಿ ಕಲಸಿ ಎರಡು ಕಪ್ಪಿಗೆ ಹಂಚು. ಎರಡನ್ನೂ ಒಟ್ಟಿಗೆ ಒಳಗೆ ಇಡಬೇಡ. ಇರುವಷ್ಟು ಶಾಖ ಹಂಚಿಹೋಗಿ ಹೆಚ್ಚುಕಡಿಮೆ ಇಮ್ಮಡಿ ಹೊತ್ತು ಬೇಕಾಗುತ್ತದೆ, ಒಂದು ಬೆಂದು ಇನ್ನೊಂದು ಹಸಿ ಉಳಿಯುವುದೂ ಉಂಟು. ಒಂದರ ಹಿಂದೆ ಒಂದು ಇಡು. ಮೊದಲಿನದ್ದು ತಣಿಯಲು ಹೇಗೂ ಒಂದು ನಿಮಿಷ ಬೇಕು, ಅಷ್ಟರಲ್ಲಿ ಎರಡನೆಯದು ಆಗಿರುತ್ತದೆ. ಒಂದೆರಡು ನಿಮಿಷ ಹಿಟ್ಟು ಕಾದರೆ ಹಾಳಾಗುವುದಿಲ್ಲ.

ಮುಂದಿನ ತಿಂಗಳು ಕಲ್ಯಾಣದಲ್ಲಿ ಗಾಡಿ ಹತ್ತಿ ಒಂದು ದಿನದ ಮಟ್ಟಿಗೆ ಬರುವ ಅಂತ ಉಂಟು. ಸಕ್ಕರೆ ಕಾಯಿಲೆಯವರು ಕೇಕು ತಿನ್ನಬಾರದು ಎಂದು ನಿನ್ನ ಅಮ್ಮನಿಗೆ ಹೇಳಿ ಗಲಾಟೆ ಮಾಡಿಸಬೇಡ. ನಿನ್ನ ರೂಮಿನಲ್ಲಿ ಒಂದೇ ಕುರ್ಚಿ ಇರುವುದಂತೆ. ಇನ್ನೊಂದು ತೆಗೆದುಕೋ, ಪ್ಲಾಸ್ಟಿಕ್ಕಿನದ್ದಾದರೂ ಆಗುತ್ತದೆ, ದುಡ್ಡು ನಾನು ಕೊಡುತ್ತೇನೆ. ನೆಲದಲ್ಲಿ ಕೂತರೆ ನನಗೆ ಏಳಲಿಕ್ಕೆ ಆಗುವುದಿಲ್ಲ.

ಇಂತಿ
ನಿನ್ನ ಮಾವ