ಚಿಕ್ಕ ರಂಗಮಂದಿರದ ಗಾಯನಕ್ಕೆ ಮೈದಾನದ ಸದ್ದು ಬೇಡ

ಮಾನ್ಯ ಸಂಪಾದಕರೇ,

ಕಳೆದ ವಾರ ಇನ್ನೂರಕ್ಕೂ ಕಡಿಮೆ ಆಸನಗಳಿರುವ ರಂಗಮಂದಿರವೊಂದರ ಆರನೆಯ ಸಾಲಿನಲ್ಲಿ ಕುಳಿತು ಫೋಕ್ ಪಾಪ್ (ಜಾನಪದ ಧಾಟಿಯ ಪಾಪ್) ಗಾಯಕಿಯೊಬ್ಬರ ಹಾಡುಗಾರಿಕೆಯನ್ನು ಕೇಳಿದೆ. ಅವರ ಹಾಡುಗಳನ್ನು ಎರಡು ವರ್ಷಗಳಿಂದ ಇಯರ್‌ಫೋನಿನಲ್ಲಿ ಕೇಳುತ್ತ ಬಂದವನು ನಾನು. ಬಹುತೇಕ ಎಲ್ಲವೂ ಬಾಯಿಪಾಠವಾಗಿದ್ದರಿಂದ ಹೊಸದೇನೂ ಸಿಗಲಾರದು ಎಂಬ ಅಳುಕಿನಿಂದಲೇ ಹೋಗಿದ್ದೆ. ಆದರೆ ಮೊದಲ ಹಾಡಿನಲ್ಲಿಯೇ, ಧ್ವನಿಮುದ್ರಣದಲ್ಲಿ ಎಂದೂ ಗಮನಕ್ಕೆ ಬಾರದ ಎರಡು ಸದ್ದುಗಳು ಕಿವಿಗೆ ಬಿದ್ದವು. ಒಂದು, ಸಾಲು ಎತ್ತಿಕೊಳ್ಳುವ ಮುನ್ನ ಅವರು ಒಳಗೆಳೆದುಕೊಳ್ಳುವ ಉಸಿರು. ಇನ್ನೊಂದು, ಎಡಗೈ ಬೆರಳುಗಳು ಗಿಟಾರಿನ ದಪ್ಪ ತಂತಿಗಳ ಮೇಲೆ ಜಾರುವಾಗ ಏಳುವ ಸಣ್ಣ ಕಿರಗುಟ್ಟು. ಆ ಹಾಡು ಒಬ್ಬ ಮನುಷ್ಯಳ ಕೈ ಮತ್ತು ಎದೆಯಿಂದ ಬರುತ್ತಿದೆ ಎಂಬುದು ನನಗೆ ಮನದಟ್ಟಾದದ್ದು ಅಂದೇ.

ಅವರ ಮೋಡಿಯ ಬಗ್ಗೆ ಕೇಳಿದರೆ ಹೆಚ್ಚಿನವರು ನಗುವನ್ನೂ ಹಾಡುಗಳ ನಡುವಿನ ಮಾತನ್ನೂ ಹೆಸರಿಸುತ್ತಾರೆ. ಆ ಮಾತಿಗೆ ಕಸುಬಿನ ಕಾರಣವೊಂದು ಇದೆ ಎಂಬುದನ್ನು ನಾನು ಅಂದು ಕಂಡೆ. ಈ ಬಗೆಯ ಗಾಯಕರಲ್ಲಿ ಹಲವರು ಹಾಡಿನಿಂದ ಹಾಡಿಗೆ ಗಿಟಾರಿನ ಶ್ರುತಿಯನ್ನೇ ಬದಲಿಸುತ್ತಾರೆ. ಬಾಲ್ಯದ ಪೋಲಿಯೊದಿಂದ ಎಡಗೈಯ ಬಲ ಕುಂದಿದ್ದ ಕೆನಡಾದ ಗಾಯಕಿ ಜೋನಿ ಮಿಚೆಲ್ ಹೀಗೆ ತಂತಿಗಳನ್ನು ಹತ್ತಾರು ಬಗೆಯಲ್ಲಿ ಶ್ರುತಿ ಮಾಡಿಕೊಂಡು, ಮಾಮೂಲಿ ಶ್ರುತಿಯಲ್ಲಿ ಸುಲಭವಾಗಿ ಒದಗದ ಸ್ವರಮೇಳಗಳನ್ನು ಹೊರಡಿಸಿದರು. ತಂತಿ ತಿರುಚುವ ಆ ಅರ್ಧ ನಿಮಿಷ ಸಭೆಯನ್ನು ಸುಮ್ಮನೆ ಕೂರಿಸಲಾಗದು. ಆದ್ದರಿಂದ ಮಾತು ಬೇಕು. ಅಂದಿನ ಗಾಯಕಿ, ನಡುರಾತ್ರಿಯ ಅಭ್ಯಾಸದಿಂದ ಬೇಸತ್ತ ಮನೆಯೊಡತಿಗೆ ತಾವು ಬರೆದ ಕ್ಷಮಾಪಣೆಯ ಚೀಟಿಯ ಕಥೆಯನ್ನು ಹೇಳುತ್ತಿದ್ದರು. ಚೀಟಿಯಲ್ಲಿ ಏನಿತ್ತು ಎನ್ನುವ ಹೊತ್ತಿಗೆ ಕೊನೆಯ ತಂತಿ ಶ್ರುತಿಗೆ ಬಂತು, ಅವರು ಮಾತನ್ನು ಅಲ್ಲಿಗೇ ತುಂಡರಿಸಿದರು, ಮತ್ತು ಮುಂದಿನ ಹಾಡಿನ ಮೊದಲ ಸಾಲೇ ಆ ಚೀಟಿಯಾಗಿತ್ತು. ಇದನ್ನು ಅವರು ಎಷ್ಟು ಊರುಗಳಲ್ಲಿ ಎಷ್ಟು ಸಲ ಮಾಡಿದ್ದಾರೋ ಏನೋ. ಆದರೂ ಆರನೆಯ ಸಾಲಿನ ನಾವೆಲ್ಲರೂ ಮಕ್ಕಳಂತೆ ನಕ್ಕೆವು.

ಇಂಥ ಹಾಡುಗಾರಿಕೆಗೆ ಚಿಕ್ಕ ಜಾಗವೇ ತಕ್ಕದ್ದೆಂಬುದು ಬರಿಯ ಭಾವುಕತೆಯಲ್ಲ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಮೈದಾನದಲ್ಲಿ ವೇದಿಕೆಯಿಂದ 100 ಮೀಟರ್ ದೂರ ನಿಂತವರಿಗೆ ಹಾಡು ಸುಮಾರು 0.3 ಸೆಕೆಂಡ್ ತಡವಾಗಿ ತಲುಪುತ್ತದೆ. ನಿಮಿಷಕ್ಕೆ 100 ಬಡಿತಗಳ ಹಾಡಿನಲ್ಲಿ ಅದು ಹೆಚ್ಚುಕಡಿಮೆ ಅರ್ಧ ಬಡಿತ. ಅಲ್ಲಿ ಹಿಂದಿನವರ ಚಪ್ಪಾಳೆ ಮುಂದಿನವರ ಚಪ್ಪಾಳೆಗೆ ಹೊಂದದಿರುವುದು ಅವರ ತಾಳಜ್ಞಾನದ ದೋಷವಲ್ಲ. ಹದಿನೈದು ಮೀಟರಿನ ಮಂದಿರದಲ್ಲಿ ಈ ವಿಳಂಬ ಲೆಕ್ಕಕ್ಕೇ ಇಲ್ಲ. ಅಷ್ಟೇ ಅಲ್ಲದೆ, ಅಕ್ಕಪಕ್ಕದ ಗೋಡೆಗಳಿಂದ ಬಹುಬೇಗ, ಸುಮಾರು 50 ಮಿಲಿಸೆಕೆಂಡುಗಳೊಳಗೆ ಹಿಂತಿರುಗುವ ಸದ್ದನ್ನು ನಮ್ಮ ಕಿವಿ ಪ್ರತ್ಯೇಕ ಪ್ರತಿಧ್ವನಿಯೆಂದು ಎಣಿಸದೆ ಮೂಲ ದನಿಯೊಡನೆಯೇ ಸೇರಿಸಿಕೊಳ್ಳುವುದರಿಂದ, ಮೆಲ್ಲನೆ ಹಾಡಿದ ಮಾತೂ ಹಿಂದಿನ ಸಾಲಿನವರೆಗೆ ಸ್ಪಷ್ಟವಾಗಿ ಮುಟ್ಟುತ್ತದೆ.

ಹೀಗಿರುವಾಗ ಕೊನೆಯ ಮೂರು ಹಾಡುಗಳಿಗೆ ವ್ಯವಸ್ಥಾಪಕರು ಮಾಡಿದ್ದೇನೆಂದರೆ, ಮೊದಲೇ ಮುದ್ರಿಸಿದ ಡ್ರಮ್ ಟ್ರ್ಯಾಕನ್ನು ಹಾಕಿ ಸ್ಪೀಕರುಗಳ ಸದ್ದನ್ನು ಹಠಾತ್ತನೆ ಏರಿಸಿದ್ದು. ಪರದೆಗಳೂ ಮೆತ್ತನೆಯ ಆಸನಗಳೂ ಎತ್ತರದ ಸ್ವರಗಳನ್ನು ಚೆನ್ನಾಗಿ ಹೀರುತ್ತವೆ, ಆದರೆ ಹಲವು ಮೀಟರ್ ಉದ್ದದ ಅಲೆಗಳಿರುವ ಡ್ರಮ್ಮಿನ ತಗ್ಗು ಸದ್ದನ್ನು ಅವು ಹೆಚ್ಚೇನೂ ತಡೆಯಲಾರವು. ಅದು ಗೋಡೆಯಿಂದ ಗೋಡೆಗೆ ಬಡಿದು ಮೂಲೆಗಳಲ್ಲಿ ಮಡುಗಟ್ಟುತ್ತದೆ. ಅದುವರೆಗೆ ಮೃದುವಾದ ಸಾಲಿಗೆ ಮೈಕಿನತ್ತ ಬಾಗುತ್ತ, ಏರುದನಿಗೆ ಒಂದು ಗೇಣು ಹಿಂದೆ ಸರಿಯುತ್ತ, ತಮ್ಮ ದನಿಯನ್ನು ತಾವೇ ಹದ ಮಾಡಿಕೊಳ್ಳುತ್ತಿದ್ದ ಗಾಯಕಿ ಈಗ ಮೈಕಿಗೆ ಬಾಯಿ ಅಂಟಿಸಿ ಕೂಗಬೇಕಾಯಿತು. ನನ್ನ ಪಕ್ಕದಲ್ಲಿದ್ದವರು ಅವರನ್ನು ಮೊದಲ ಬಾರಿ ಕೇಳಲು ಬಂದವರು. ಆ ಮೂರು ಹಾಡುಗಳಲ್ಲಿ ಒಂದು ಸಾಲೂ ತಮಗೆ ಅರ್ಥವಾಗಲಿಲ್ಲವೆಂದು ಅವರು ಹೊರಬರುವಾಗ ಹೇಳಿದರು. ನನಗೆ ಅರ್ಥವಾಗಿತ್ತು, ಏಕೆಂದರೆ ನನಗೆ ಅವು ಬಾಯಿಪಾಠ.

ವಿದ್ಯುತ್ ವಾದ್ಯಗಳನ್ನು ಕಂಡರಾಗದ ಹಳೆಯ ಕಾಲದವನೆಂದು ನನ್ನನ್ನು ಯಾರೂ ಭಾವಿಸಬಾರದು. ಮೈಕ್ ಇಲ್ಲದಿದ್ದರೆ ಪಿಸುದನಿಯ ಗಾಯನ ಎಂಬುದೇ ಇಷ್ಟು ಬೆಳೆಯುತ್ತಿರಲಿಲ್ಲ. 1965ರ ಜುಲೈ 25ರಂದು ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಗಾಯಕ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹಾಡಿದಾಗ ಸಭಿಕರಲ್ಲಿ ಒಂದು ಪಾಲು ಕೂಗಿ ಪ್ರತಿಭಟಿಸಿತು ಎಂಬ ಪ್ರಸಂಗವನ್ನು ಇಂಥ ಚರ್ಚೆಗಳಲ್ಲಿ ಎಲ್ಲರೂ ಎತ್ತುತ್ತಾರೆ. ಆದರೆ ಆ ಕೂಗು ಎದ್ದದ್ದು ಎಲೆಕ್ಟ್ರಿಕ್ ವಾದ್ಯದ ಮೇಲಿನ ಸಿಟ್ಟಿನಿಂದಲೋ ಅಥವಾ ಮಾತುಗಳೇ ಕೇಳಿಸದಂತಿದ್ದ ಕೆಟ್ಟ ಧ್ವನಿವ್ಯವಸ್ಥೆಯಿಂದಲೋ ಎಂಬ ವಾದ ಇಂದಿಗೂ ಬಗೆಹರಿದಿಲ್ಲ. ನಾನು ಎರಡನೆಯ ಗುಂಪಿನವರ ಪರ. ಕಥೆ ಹೇಳುವ ಹಾಡಿನಲ್ಲಿ ಕಥೆಯೇ ಕೇಳಿಸದಿದ್ದರೆ ವಾದ್ಯ ಯಾವುದಾದರೇನು?

ಈ ಪತ್ರವನ್ನು ವ್ಯವಸ್ಥಾಪಕರಿಗೆ ಬರೆಯದೆ ತಮಗೆ ಬರೆಯಲು ಕಾರಣವಿದೆ. ಪತ್ರಿಕೆಗಳ ಸಾಂಸ್ಕೃತಿಕ ಪುಟಗಳಲ್ಲಿ ಬರುವ ಸಂಗೀತ ವಿಮರ್ಶೆಗಳು ಹಾಡುಗಳ ಪಟ್ಟಿಯನ್ನೂ ಸಭಿಕರ ಉತ್ಸಾಹವನ್ನೂ ವಿವರವಾಗಿ ಹೇಳುತ್ತವೆ, ಧ್ವನಿವ್ಯವಸ್ಥೆ ಹೇಗಿತ್ತೆಂಬುದನ್ನು ಮಾತ್ರ ಅಪರೂಪಕ್ಕೆ ಹೇಳುತ್ತವೆ. ನಾಟಕ ವಿಮರ್ಶೆಯಲ್ಲಿ ಬೆಳಕಿನ ವಿನ್ಯಾಸಕ್ಕೆ ಸಿಗುವಷ್ಟು ಜಾಗವೂ ಇಲ್ಲಿ ಧ್ವನಿಗೆ ಸಿಗುವುದಿಲ್ಲ. ತಮ್ಮ ವಿಮರ್ಶಕರು ಒಮ್ಮೆ ಮುಂದಿನ ಸಾಲನ್ನು ಬಿಟ್ಟು ಹಿಂದಿನ ಸಾಲಿನಲ್ಲಿಯೂ ಕುಳಿತು ಕೇಳಿ, ಅಲ್ಲಿಗೆ ಮಾತು ತಲುಪಿತೇ ಇಲ್ಲವೇ ಎಂಬುದನ್ನು ಎರಡು ಸಾಲುಗಳಲ್ಲಿ ಬರೆಯುವಂತಾದರೆ, ಸದ್ದನ್ನು ಏರಿಳಿಸುವ ಮಿಕ್ಸರಿನ ಮುಂದೆ ಕೂರುವವರ ಕೈ ತಾನಾಗಿಯೇ ಸ್ವಲ್ಪ ಕೆಳಗಿಳಿಯಬಹುದು. ಅದೇ ಗಾಯಕಿ ಮುಂದಿನ ತಿಂಗಳು ಮತ್ತೊಮ್ಮೆ ಅದೇ ಮಂದಿರದಲ್ಲಿ ಹಾಡಲಿದ್ದಾರೆ. ನಾನು ಈಗಾಗಲೇ ಟಿಕೆಟ್ ಪಡೆದಿದ್ದೇನೆ, ಈ ಬಾರಿ ಕೊನೆಯ ಸಾಲಿನಲ್ಲಿ.

ಇಂತಿ,
ಓರ್ವ ಓದುಗ